ತೋಟದ ದಾರಿಗೆ ಎಟಿವಿ: ಹೊಸದು ಕೊಳ್ಳುವುದೇ, ಹಳೆಯದು ಹುಡುಕುವುದೇ?

ಎಟಿವಿ, ಅಂದರೆ ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ದಪ್ಪ ಗಾಲಿಯ ಪುಟ್ಟ ಗಾಡಿ, ಕೊಳ್ಳುವವರಿಗಾಗಿ ಸಿಗುವ ಸಲಹೆಗಳಲ್ಲಿ ಬಹುಪಾಲು ಹಿಮ ಬೀಳುವ ನಾಡುಗಳಿಂದ ಬಂದವು. ಮಿನೆಸೋಟದಲ್ಲೋ ಕೆನಡಾದಲ್ಲೋ ಚಳಿಗಾಲಕ್ಕೆ ಗಾಡಿ ಸಜ್ಜು ಮಾಡುವುದೆಂದರೆ ಮುಂದೆ ಹಿಮ ಗೋರುವ ಹಲಗೆ ಕಟ್ಟುವುದು, ಹಿಡಿಕೆ ಬಿಸಿಯಾಗುವ ತಂತಿ ಹಾಕಿಸುವುದು, ಗಾಲಿ ಬಿಚ್ಚಿ ರಬ್ಬರಿನ ಪಟ್ಟಿ ಜೋಡಿಸುವುದು, ಕೊರೆಯುವ ಚಳಿಯಲ್ಲಿ ಬ್ಯಾಟರಿ ಎಂಜಿನನ್ನು ತಿರುಗಿಸುತ್ತದೆಯೇ ಎಂದು ನೋಡುವುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಇದರಲ್ಲಿ ಒಂದೂ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಚಳಿಗಾಲ ಅಡಿಕೆ ಕೊನೆ (ಗೊನೆ) ಕೊಯ್ಲಿನ ಕಾಲ. ದಾರಿ ಒಣಗಿರುತ್ತದೆ, ಯಾವ ಗಾಡಿಯಾದರೂ ಓಡುತ್ತದೆ. ಗಾಡಿಯ ಹಣೆಬರಹ ತೀರ್ಮಾನವಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಾರವಾರದ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮುಟ್ಟುವ ಮಳೆ. ಘಟ್ಟದ ನೆತ್ತಿಯ ಕೆಲವು ಊರುಗಳಲ್ಲಿ ಅದಕ್ಕೂ ಹೆಚ್ಚು. ಪುನರ್ವಸು, ಪುಷ್ಯ ಮಳೆ ಹಿಡಿದು ಕುಳಿತಾಗ ಮನೆಯಿಂದ ತೋಟಕ್ಕಿಳಿಯುವ ಮಣ್ಣಿನ ದಾರಿ ಏನಾಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಆದ್ದರಿಂದ ಹೊಸದೋ ಹಳೆಯದೋ ಎಂಬ ಪ್ರಶ್ನೆಯನ್ನು ನಾನು ಬೇರೆ ತುದಿಯಿಂದ ಹಿಡಿಯುತ್ತೇನೆ. ಜುಲೈ ಮೂರನೆಯ ವಾರ. ಅಡಿಕೆಯ ಕೊಳೆರೋಗ ತಡೆಯಲು ಎರಡನೆಯ ಸಲದ ಬೋರ್ಡೋ ದ್ರಾವಣ ಹೊಡೆಯಬೇಕು. ಮರ ಹತ್ತಿ ಹೊಡೆಯುವ ಕೊನೆಗೌಡ ಹೇಗೋ ಸಿಕ್ಕಿದ್ದಾನೆ, ಮಳೆ ಎರಡು ಗಂಟೆ ಬಿಡುವು ಕೊಟ್ಟಿದೆ, ಗಾಡಿ ತೋಟದ ನಡುವೆ ಕೆಟ್ಟು ನಿಂತಿದೆ. ಆಗ ಅದನ್ನು ಬಿಚ್ಚುವವರು ಯಾರು? ಬಿಡಿಭಾಗ ಎಲ್ಲಿಂದ, ಎಷ್ಟು ದಿನಕ್ಕೆ ಬರುತ್ತದೆ? ಉತ್ತರ ಗೊತ್ತಿದ್ದರೆ ಹಳೆಯ ಗಾಡಿಯೂ ಒಳ್ಳೆಯದೇ. ಗೊತ್ತಿಲ್ಲದಿದ್ದರೆ ಮಳಿಗೆಯಿಂದ ತಂದ ಹೊಚ್ಚ ಹೊಸ ಗಾಡಿಯ ಗತಿಯೂ ಕೊಟ್ಟಿಗೆಯ ಮೂಲೆಯೇ.

ಮೊದಲು ರಸ್ತೆಯ ಮಾತು

ಬೆಲೆ ಕೇಳುವ ಮುಂಚೆ ಕಾನೂನಿನ ಮಾತು ಮುಗಿಸಿಬಿಡುವುದು ಒಳ್ಳೆಯದು, ಏಕೆಂದರೆ ಅರ್ಧದಷ್ಟು ಮಂದಿಯ ಆಸೆ ಇಲ್ಲಿಗೇ ನಿಲ್ಲುತ್ತದೆ. ಸಾಮಾನ್ಯ ಎಟಿವಿಗೆ ನಮ್ಮಲ್ಲಿ ನೋಂದಣಿ ಇಲ್ಲ. ಕಾರವಾರದ ಕೆಎ-30 ಆಗಲಿ, ಶಿರಸಿಯ ಕೆಎ-31 ಆಗಲಿ ಅದರ ಬೆನ್ನಿಗೆ ಅಂಟುವುದಿಲ್ಲ. ಅದು ಸ್ವಂತ ಜಮೀನಿನೊಳಗೆ ಓಡಬೇಕಾದ ಗಾಡಿ. ಮನೆಗೂ ತೋಟಕ್ಕೂ ನಡುವೆ ಪಂಚಾಯತಿ ರಸ್ತೆ ಹಾದುಹೋಗಿದ್ದರೆ ಆ ನೂರು ಮೀಟರ್ ಕೂಡ ಸಾರ್ವಜನಿಕ ರಸ್ತೆಯೇ. ಊರಿನಲ್ಲಿ ಯಾರೂ ತಡೆಯಲಿಕ್ಕಿಲ್ಲ, ನಿಜ. ಆದರೆ ಅಲ್ಲಿ ಒಂದು ಸೈಕಲ್‌ಗೆ ತಾಗಿತೆಂದರೆ ವಿಮೆಯೂ ಇಲ್ಲ, ದಾಖಲೆಯೂ ಇಲ್ಲ, ಪೂರ್ತಿ ಹೊಣೆ ನಿಮ್ಮ ತಲೆಯ ಮೇಲೆ.

ಮಾರುವವರು ಎರಡು ಮಾತು ಹೇಳಿ ಇದನ್ನು ಮಸುಕು ಮಾಡುತ್ತಾರೆ. ಒಂದು, ‘ಸರ್ಕಾರ ಕ್ವಾಡ್ರಿಸೈಕಲ್‌ಗೆ ಅನುಮತಿ ಕೊಟ್ಟಿದೆ’ ಎಂಬುದು. ಅದು ಬಜಾಜ್ ಕ್ಯೂಟ್‌ನಂತಹ ಮುಚ್ಚಿದ ಪುಟ್ಟ ವಾಹನಗಳ ವರ್ಗ, ಎಟಿವಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಅರ್ಧ ಸತ್ಯ. ಪೊಲಾರಿಸ್ ಕಂಪನಿ ತನ್ನ ಸ್ಪೋರ್ಟ್ಸ್‌ಮನ್ 570 ಗಾಡಿಯನ್ನು ಟ್ರ್ಯಾಕ್ಟರ್ ವರ್ಗದಲ್ಲಿ ಪ್ರಮಾಣೀಕರಿಸಿ ಭಾರತದ ಮಾರುಕಟ್ಟೆಗೆ ತಂದಿತು, ಆ ಮಾದರಿಯನ್ನು ಕೃಷಿ ಟ್ರ್ಯಾಕ್ಟರ್ ಎಂದು ನೋಂದಾಯಿಸಬಹುದು. ಆದರೆ ಆ ಪ್ರಮಾಣಪತ್ರ ಇರುವುದು ಆ ಮಾದರಿಗೆ ಮಾತ್ರ. ನೋಡಲು ತದ್ರೂಪವಾಗಿರುವ, ಅದೇ ಹೆಸರಿನ ಹಳೆಯ ಗಾಡಿಗೆ ಅದು ಅನ್ವಯಿಸುವುದಿಲ್ಲ. ಮುಂಗಡ ಕೊಡುವ ಮೊದಲು ಚಾಸಿ ಸಂಖ್ಯೆ ಬರೆದುಕೊಂಡು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ನೇರವಾಗಿ ಕೇಳಿ. ಮಾರುವವರ ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ.

ಕಾಡಿನ ವಿಷಯವೂ ಇದೆ. ಉತ್ತರ ಕನ್ನಡ ಜಿಲ್ಲೆಯ ಮುಕ್ಕಾಲಿಗಿಂತ ಹೆಚ್ಚು ನೆಲ ಅರಣ್ಯ. ತೋಟಕ್ಕೆಂದು ಬಿಟ್ಟ ಸೊಪ್ಪಿನ ಬೆಟ್ಟದ ಕಾಡಿನಲ್ಲಿ ನಮಗಿರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವ ಸೌಲಭ್ಯ, ಗಾಡಿ ದಾರಿ ಕಡಿಯುವ ಹಕ್ಕಲ್ಲ. ಕಡಲತೀರದವರು ಎಟಿವಿಯನ್ನು ಮರಳಿಗೆ ಇಳಿಸುವ ಮೊದಲು ನೆನಪಿಡಬೇಕಾದದ್ದು ಕಡಲಾಮೆ. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಕಾರವಾರ, ಹೊನ್ನಾವರದ ತೀರಗಳಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ವನ್ಯಜೀವಿ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿರುವ ಜೀವಿ ಅದು. ಗೂಡಿನ ಮೇಲೆ ಗಾಲಿ ಹರಿದರೆ ‘ಕಾಣಲಿಲ್ಲ’ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಯಾರ ತೋಟಕ್ಕೆ ಇದು ಬೇಕು

ಮನೆ ಎತ್ತರದಲ್ಲಿ, ತೋಟ ಕೆಳಗೆ ಕಣಿವೆಯಲ್ಲಿ. ನಡುವಿನ ಇಳಿಜಾರು ಜೀಪಿಗೆ ಕಿರಿದು, ತಲೆಹೊರೆಗೆ ದೂರ. ಘಟ್ಟದ ಮೇಲಿನ ಬಹಳಷ್ಟು ಹಳೆಯ ತೋಟಗಳ ಲಕ್ಷಣ ಇದೇ, ಎಟಿವಿಗೆ ಹೇಳಿ ಮಾಡಿಸಿದ ಜಾಗವೂ ಇದೇ. ಕೆಲಸದ ಎಟಿವಿಯೊಂದರ ಅಗಲ ಸುಮಾರು 1.2 ಮೀಟರ್. ನೆಲದಿಂದ ಹೊಟ್ಟೆಯ ಎತ್ತರ ಒಂದು ಗೇಣಿಗಿಂತ ಹೆಚ್ಚು. ದಪ್ಪ ಗಾಲಿಯಲ್ಲಿ ಐದರಿಂದ ಏಳು ಪಿಎಸ್‌ಐ ಗಾಳಿ ಮಾತ್ರ ಇರುವುದರಿಂದ ಕೆಸರಿನಲ್ಲಿ ಹೂತುಕೊಳ್ಳದೆ ಹರಡಿಕೊಂಡು ಸಾಗುತ್ತದೆ. ಅಡಿಕೆ ಸಸಿಗಳನ್ನು ಒಂಬತ್ತು ಅಡಿ ಅಂತರಕ್ಕೆ ನೆಟ್ಟ ಹೊಸ ತೋಟದಲ್ಲಿ ಸಾಲಿನ ನಡುವೆಯೂ ಓಡಾಡಬಹುದು. ಅಜ್ಜ ನೆಟ್ಟ ತೋಟದಲ್ಲಿ, ಪ್ರತಿ ಎರಡು ಸಾಲಿಗೊಂದು ಕಾದಿಗೆ (ನೀರು ಬಸಿಯುವ ಕಾಲುವೆ) ಇರುವ ಕಡೆ, ಅಂಚಿನವರೆಗೆ ಹೋಗಿ ನಿಲ್ಲುವುದಷ್ಟೇ.

ಹೊರುವ ಶಕ್ತಿಯ ಬಗ್ಗೆ ಭ್ರಮೆ ಬೇಡ. ಮೇಲೆ ಹೇಳಿದ 570 ಸಿ.ಸಿ. ಗಾಡಿಯ ಮುಂದಿನ ಕ್ಯಾರಿಯರ್ ತಾಳುವುದು ಸುಮಾರು 40 ಕೆ.ಜಿ., ಹಿಂದಿನದು 80 ಕೆ.ಜಿ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ಇನ್ನೂರು ಲೀಟರಿನ ಒಂದು ಪೀಪಾಯಿ ಎರಡು ಕ್ವಿಂಟಲ್ ದಾಟಿತು. ಅದನ್ನು ಕ್ಯಾರಿಯರ್ ಮೇಲೆ ಕಟ್ಟುವ ಮಾತೇ ಇಲ್ಲ, ಹಿಂದೆ ಟ್ರೈಲರ್ ಬೇಕು. ಎಳೆಯುವ ಶಕ್ತಿಯೇನೋ ಐದು ಕ್ವಿಂಟಲ್‌ವರೆಗೆ ಇದೆ. ಆದರೆ ಅದು ಸಮತಟ್ಟು ನೆಲದ ಲೆಕ್ಕ. ಹಸಿ ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಟ್ರೈಲರ್ ಗಾಡಿಯನ್ನೇ ಮುಂದಕ್ಕೆ ನೂಕುತ್ತದೆ. ಕೆಳಗೆ ನೀರಿನ ಆಸರೆ ಇದ್ದರೆ ದ್ರಾವಣವನ್ನು ಅಲ್ಲೇ ಕಲಸಿಕೊಳ್ಳಿ, ಗಾಡಿಯಲ್ಲಿ ತುತ್ತ, ಸುಣ್ಣ, ಪಂಪು ಮಾತ್ರ ಇಳಿಯಲಿ.

ಹೊಸ ಗಾಡಿಯ ಬಲ ಮತ್ತು ಮಿತಿ

ಹೊಸ ಎಟಿವಿ ಕೊಂಡಾಗ ಸಿಗುವ ನಿಜವಾದ ಲಾಭ ಹೊಳಪಲ್ಲ, ಕಾಗದ. ಬಿಲ್ಲು, ವಾರಂಟಿ, ಬಿಡಿಭಾಗದ ಸಂಖ್ಯೆ ಬರೆದ ಕೈಪಿಡಿ. ಇವು ಮೂರೂ ಇದ್ದರೆ ಭಾಗ ತರಿಸುವುದು ಸುಲಭ. ಟ್ರ್ಯಾಕ್ಟರ್ ವರ್ಗದ ಮಾದರಿ ಮಾರುಕಟ್ಟೆಗೆ ಬಂದಾಗಲೇ ಬೆಲೆ ಎಂಟು ಲಕ್ಷ ರೂಪಾಯಿಯ ಸಮೀಪವಿತ್ತು. ಬೇರೆ ದೊಡ್ಡ ಗಾಡಿಗಳು ಆಮದು ಸುಂಕ ಹೊತ್ತು ಬರುವುದರಿಂದ ಇನ್ನೂ ಮೇಲೆ. ಎರಡು-ಮೂರು ಎಕರೆ ತೋಟದ ಮನೆಗೆ ಇದು ಸಣ್ಣ ಮೊತ್ತವಲ್ಲ.

ಇಷ್ಟು ಕೊಟ್ಟ ಮೇಲೂ ಅಧಿಕೃತ ಸರ್ವಿಸ್ ಕೇಂದ್ರ ನಿಮ್ಮ ಊರಿಗೆ ಬರುವುದಿಲ್ಲ. ಶಿರಸಿಯಿಂದ ಹುಬ್ಬಳ್ಳಿಯೇ ನೂರು ಕಿಲೋಮೀಟರ್. ಅಲ್ಲಿ ಇಲ್ಲವೆಂದರೆ ಬೆಂಗಳೂರು ಅಥವಾ ಗೋವಾ. ಎಟಿವಿ ತಾನೇ ಓಡಿಕೊಂಡು ಹೋಗುವಂತಿಲ್ಲ, ಪಿಕಪ್‌ನಲ್ಲಿ ಹೇರಿ ಒಯ್ಯಬೇಕು. ಮಳೆಗಾಲದಲ್ಲಿ ಘಟ್ಟದ ದಾರಿಗಳ ಮೇಲೆ ಭರವಸೆ ಇಡುವುದೂ ಕಷ್ಟ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟಗಳೇ ಜಾರಿಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತು. ಹೆದ್ದಾರಿಯ ಸ್ಥಿತಿಯೇ ಹೀಗಿರುವಾಗ ಕೊರಿಯರ್‌ನಲ್ಲಿ ಬರಬೇಕಾದ ಬೆಲ್ಟಿನ ಪಾಡು ಏನು?

ಬೆಲ್ಟಿನ ಮಾತು ಬಂತು, ಅದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ಈಗಿನ ಬಹುಪಾಲು ಕೆಲಸದ ಎಟಿವಿಗಳಲ್ಲಿ ಸ್ಕೂಟರಿನಂತೆ ಎರಡು ಪುಲಿಗಳ ನಡುವೆ ರಬ್ಬರ್ ಬೆಲ್ಟು ಓಡುತ್ತದೆ, ಗಿಯರ್ ಬದಲಿಸುವ ಗೋಜಿಲ್ಲ. ಒಣ ನೆಲದಲ್ಲಿ ಇದರಷ್ಟು ಸುಖ ಬೇರೆ ಇಲ್ಲ. ಆದರೆ ಹಳ್ಳ ದಾಟುವಾಗ ಬೆಲ್ಟಿನ ಪೆಟ್ಟಿಗೆಗೆ ನೀರು ನುಗ್ಗಿತೆಂದರೆ ಬೆಲ್ಟು ಜಾರುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಅಲ್ಲೇ ನಿಲ್ಲುತ್ತದೆ. ಪೆಟ್ಟಿಗೆಯ ಕೆಳಗಿನ ಬೂಚು ಬಿಚ್ಚಿ ನೀರು ಬಸಿದು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ ಒಣಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಭಾರ ಹೊತ್ತು ಏರು ಹತ್ತುವಾಗ ಲೋ ಗಿಯರ್ ಹಾಕದೆ ಹೈನಲ್ಲೇ ಎಳೆದರೆ ಮಾತ್ರ ಬೆಲ್ಟು ಸುಟ್ಟೇ ಹೋಗುತ್ತದೆ. ಹೊಸ ಗಾಡಿ ಹಾಳಾಗುವುದು ಹೆಚ್ಚಾಗಿ ಹೀಗೆ, ಮೊದಲ ಮಳೆಗಾಲದಲ್ಲಿ, ಮನೆಯ ಹುಡುಗರ ಕೈಯಲ್ಲಿ. ನಮ್ಮ ಕಡೆಯ ಮೆಕ್ಯಾನಿಕ್ ಒಬ್ಬರು ಹೇಳುವ ಮಾತಿದೆ: ‘ಎಂಜಿನ್ ಬೇಕಾದರೆ ಇಲ್ಲೇ ಬಿಚ್ಚಿ ಕೊಡುತ್ತೇನೆ ಹೆಗಡೆಯವರೇ, ಬೆಲ್ಟು ಎಲ್ಲಿಂದ ತರಲಿ?’ ಆದ್ದರಿಂದ ಗಾಡಿಯ ಜೊತೆಗೇ ಒಂದು ಹೆಚ್ಚುವರಿ ಬೆಲ್ಟು, ಅದನ್ನು ಬಿಚ್ಚುವ ಸಲಕರಣೆ, ಎರಡು ಆಯಿಲ್ ಫಿಲ್ಟರ್, ಒಂದು ಏರ್ ಫಿಲ್ಟರ್ ಕೊಂಡುಬಿಡಿ. ವ್ಯಾಪಾರ ಕುದುರುವ ಮೊದಲು ಕೇಳಿದರೆ ಇವನ್ನು ಬೆಲೆಯೊಳಗೇ ಸೇರಿಸಿ ಕೊಡುವವರಿದ್ದಾರೆ.

ಬೆಲ್ಟಿಲ್ಲದೆ ಗಿಯರ್ ಪೆಟ್ಟಿಗೆಯಿಂದಲೇ ಓಡುವ ಗಾಡಿಗಳೂ ಇವೆ, ಹೋಂಡಾದ ಕೆಲಸದ ಎಟಿವಿಗಳು ಆ ಜಾತಿಯವು. ಕೆಸರಿಗೂ ನೀರಿಗೂ ಅವೇ ಗಟ್ಟಿ ಎಂದು ನನ್ನ ಅಭಿಪ್ರಾಯ. ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಕೂಡ ಅವುಗಳಲ್ಲಿ ಹೆಚ್ಚು ನಂಬಿಕೆಯದು. ಆದರೆ ಬಿಡಿಭಾಗದ ದಾರಿ ಖಚಿತವಾಗದೆ ಅವನ್ನೂ ಮುಟ್ಟಬೇಡಿ.

ಹಳೆಯ ಗಾಡಿಯನ್ನು ನೋಡುವ ಬಗೆ

ಹಳೆಯ ಎಟಿವಿಗಳು ನಮ್ಮ ಕಡೆಗೆ ಬರುವುದು ಮುಖ್ಯವಾಗಿ ಮೂರು ಬಾಗಿಲುಗಳಿಂದ. ಕಡಲತೀರದಲ್ಲಿ, ರೆಸಾರ್ಟುಗಳಲ್ಲಿ ಬಾಡಿಗೆ ಸವಾರಿಗೆ ಓಡಿದವು. ಪಟ್ಟಣದಲ್ಲಿದ್ದುಕೊಂಡು ಎಸ್ಟೇಟ್ ಇಟ್ಟವರು ಶೋಕಿಗೆ ಕೊಂಡು ನಿಲ್ಲಿಸಿದವು. ಇನ್ನೊಬ್ಬ ತೋಟಿಗರು ದುಡಿಸಿದವು. ನನ್ನನ್ನು ಕೇಳಿದರೆ ಎರಡನೆಯದು ಸಿಕ್ಕರೆ ಅದೃಷ್ಟ, ಮೂರನೆಯದನ್ನು ಪರೀಕ್ಷಿಸಿ ಕೊಳ್ಳಬಹುದು, ಮೊದಲನೆಯದರ ಹತ್ತಿರ ಸುಳಿಯಲೇಬಾರದು. ಪ್ರವಾಸಿಗರ ಕಾಲ ಮುಗಿದ ಮೇಲೆ, ಮೇ ಕೊನೆಯಲ್ಲಿ ಬೀಚಿನ ಗಾಡಿಗಳು ಅಗ್ಗಕ್ಕೆ ಸಿಗುತ್ತವೆ ಎಂದು ಓಡುವವರಿದ್ದಾರೆ. ಉಪ್ಪುನೀರು ಕುಡಿದ ಗಾಡಿಯ ಖರ್ಚು ಅದರ ಬೆಲೆಯಲ್ಲಿ ಬರೆದಿರುವುದಿಲ್ಲ.

ಉಪ್ಪನ್ನು ಕಂಡುಹಿಡಿಯುವುದು ಹೀಗೆ. ಅಲ್ಯೂಮಿನಿಯಂ ರಿಮ್ಮಿನ ಒಳಬದಿ, ಬ್ರೇಕ್ ಕ್ಯಾಲಿಪರ್, ಎಂಜಿನ್ನಿನ ತಳ ಇಲ್ಲೆಲ್ಲ ಬಿಳಿ ಪುಡಿ ಎದ್ದಿದೆಯೇ ನೋಡಿ. ಸೀಟು ಎತ್ತಿ ವೈರಿನ ಜೋಡಣೆಗಳನ್ನು ಒಂದೆರಡು ಕಡೆ ಬಿಚ್ಚಿ. ಒಳಗಿನ ಹಿತ್ತಾಳೆ ಕಡ್ಡಿಗಳು ಹಸಿರುಗಟ್ಟಿದ್ದರೆ ಆ ಗಾಡಿ ಇನ್ನು ಪ್ರತಿ ಮಳೆಗಾಲದಲ್ಲೂ ಒಂದೊಂದು ಹೊಸ ಕಾಯಿಲೆ ತೋರಿಸುತ್ತದೆ. ಅಲ್ಲಿಂದಲೇ ವಾಪಸು ಬನ್ನಿ.

ತೋಟದ ಗಾಡಿಗೆ ಬೇರೆಯೇ ಗುರುತು. ಬೋರ್ಡೋ ತಯಾರಿಸುವಾಗ ಚೂರಿಯ ಅಲಗನ್ನು ಅದ್ದಿ ನೋಡುತ್ತೇವಲ್ಲ, ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದು? ಅದೇ ರಸಾಯನ ಗಾಡಿಯ ಕಬ್ಬಿಣದ ಮೇಲೂ ನಡೆಯುತ್ತದೆ. ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಹಿಂದಿನ ಕ್ಯಾರಿಯರ್ ಚಾಸಿಗೆ ಕೂಡುವ ಬೋಲ್ಟುಗಳ ಸುತ್ತ ನೀಲಿ-ಹಸಿರು ಕಲೆ ಇದ್ದರೆ ಬಣ್ಣ ಕೆರೆದು ನೋಡಿ. ಕೆಳಗೆ ಕೆಂಪು ಪೊರೆ, ಅದರ ಕೆಳಗೆ ಹಲ್ಲು ಕಡಿದಂತೆ ಗುಳಿಗಳು ಕಂಡರೆ ಅದು ತುತ್ತ ಚೆಲ್ಲಿದ ಜಾಗ. ಕ್ಯಾರಿಯರ್ ಮಾತ್ರ ಸವೆದಿದ್ದರೆ ಶಿರಸಿಯಲ್ಲೇ ಹೊಸದು ಮಾಡಿಸಬಹುದು. ಚಾಸಿಯ ಕೊಳವೆಗೇ ಹತ್ತಿದ್ದರೆ ಬೇಡ.

ಚಾಸಿಯ ಸ್ಥಿತಿ ತಿಳಿಯಲು ಹೊಟ್ಟೆಯಡಿಯ ರಕ್ಷಣೆ ತಗಡನ್ನು ಬಿಚ್ಚಿಸಲೇಬೇಕು. ಮಾರುವವರು ಗೊಣಗುತ್ತಾರೆ, ಬಿಚ್ಚಿಸಿ. ತಗಡಿಗೂ ಕೊಳವೆಗೂ ನಡುವೆ ಸೇರಿದ ಕೆಂಪು ಮಣ್ಣು ವರ್ಷಗಟ್ಟಲೆ ತೇವ ಹಿಡಿದುಕೊಂಡು ಕೂತಿರುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದ. ಸಣ್ಣ ಸ್ಪ್ಯಾನರ್‌ನಿಂದ ಕೊಳವೆಯುದ್ದಕ್ಕೂ ತಟ್ಟುತ್ತಾ ಹೋದರೆ ಗಟ್ಟಿ ಜಾಗದಲ್ಲಿ ಟಣ್ ಎನ್ನುತ್ತದೆ, ತಿಂದ ಜಾಗದಲ್ಲಿ ಸದ್ದು ಸಾಯುತ್ತದೆ. ಹೊಸದಾಗಿ ಬಳಿದ ಕಪ್ಪು ಬಣ್ಣ, ಆಚೀಚೆ ಬೇರೆ ಬೇರೆ ದಪ್ಪದ ವೆಲ್ಡಿಂಗ್ ಕಂಡರೆ ಗಾಡಿ ಎಲ್ಲೋ ದರೆಯಿಂದ ಉರುಳಿದೆ ಎಂದು ತಿಳಿಯಿರಿ.

ಎಂಜಿನ್ ಪರೀಕ್ಷೆಗೆ ಹೋಗುವಾಗ ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಹೇಳಿ. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾವುದೋ ತೊಂದರೆ ಮುಚ್ಚಿಡಲು ಓಡಿಸಿಟ್ಟಿದ್ದಾರೆ. ಆಯಿಲ್ ಕಡ್ಡಿ ಎಳೆದಾಗ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಒಳಗೆ ನೀರು ಸೇರಿದೆ. ಮುಂದಿನ ಎರಡು ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಆಯಿಲನ್ನೂ ಹೀಗೆಯೇ ನೋಡಬೇಕು, ಅದನ್ನು ನೋಡುವವರು ಕಡಿಮೆ. ಏರ್ ಫಿಲ್ಟರಿನ ಡಬ್ಬಿ ತೆಗೆದು, ಫಿಲ್ಟರ್ ದಾಟಿದ ಒಳಬದಿಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಹತ್ತಿದರೆ ದೂಳೋ ಕೆಸರೋ ಎಂಜಿನ್ನಿನ ಹೊಟ್ಟೆಗೂ ಹೋಗಿದೆ. ಬೆಲ್ಟಿನ ಪೆಟ್ಟಿಗೆಯ ಬೂಚು ಬಿಚ್ಚಿದಾಗ ಕೆನ್ನೀರು ಬಂದರೆ ಗಾಡಿ ಹಳ್ಳದಲ್ಲಿ ನಿಂತದ್ದುಂಟು.

ಮುಂಭಾಗವನ್ನು ಜಾಕ್ ಹಾಕಿ ಎತ್ತಿ, ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ, ಆಮೇಲೆ ಎಡ-ಬಲ ಹಿಡಿದು. ಮೊದಲನೆಯದರಲ್ಲಿ ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎರಡನೆಯದರಲ್ಲಿ ಆಟ ಇದ್ದರೆ ಸ್ಟೀರಿಂಗ್ ಕಡ್ಡಿಯ ತುದಿ. ಇವು ಸವೆಯುವುದು ಸಹಜ, ಬದಲಿಸಲೂಬಹುದು. ಬೆಲೆ ಇಳಿಸಲು ಇವು ಒಳ್ಳೆಯ ನೆಪ, ಗಾಡಿ ಬಿಡಲು ಕಾರಣವಲ್ಲ. ಆಕ್ಸೆಲ್ಲಿನ ರಬ್ಬರ್ ಟೊಪ್ಪಿ ಹರಿದಿದ್ದರೆ ಒಳಗಿನ ಜಾಯಿಂಟ್ ಎಷ್ಟು ಕಾಲದಿಂದ ಕೆಸರು ತಿನ್ನುತ್ತಿದೆ ಎಂದು ಕೇಳಿ.

ಮೀಟರ್ ನೋಡುವಾಗ ಕಿಲೋಮೀಟರ್‌ಗಿಂತ ಗಂಟೆಗಳ ಲೆಕ್ಕ ಮುಖ್ಯ. ಎರಡನ್ನೂ ಇಟ್ಟುಕೊಂಡು ಭಾಗಿಸಿದರೆ ಗಾಡಿಯ ಜಾತಕವೇ ಸಿಗುತ್ತದೆ. ಐನೂರು ಗಂಟೆ, ಎರಡೂವರೆ ಸಾವಿರ ಕಿ.ಮೀ. ಎಂದರೆ ಗಂಟೆಗೆ ಐದು ಕಿ.ಮೀ. ಸರಾಸರಿ. ಅದು ಭಾರ ಎಳೆದ, ನಿಂತಲ್ಲೇ ಉರಿದ ತೋಟದ ಗಾಡಿ. ಅದೇ ಐನೂರು ಗಂಟೆಗೆ ಒಂಬತ್ತು ಸಾವಿರ ಕಿ.ಮೀ. ಇದ್ದರೆ ಯಾರೋ ಅದನ್ನು ಓಟಕ್ಕೆ ಬಳಸಿದ್ದಾರೆ. ತೋಟದ ಗಾಡಿ ಎಂದು ಮಾರುತ್ತಿರುವವರ ಮೀಟರ್ ಎರಡನೆಯ ಲೆಕ್ಕ ತೋರಿಸಿದರೆ ಮಾತಿಗೂ ಮೀಟರಿಗೂ ತಾಳವಿಲ್ಲ.

ಆಮೇಲೆ ಓಡಿಸಿ ನೋಡಿ, ಅಂಗಳದಲ್ಲಲ್ಲ, ಒದ್ದೆ ಏರಿನಲ್ಲಿ. ಫೋರ್ ವ್ಹೀಲ್ ಗುಂಡಿ ಒತ್ತಿದಾಗ ಮುಂದಿನ ಗಾಲಿ ನಿಜಕ್ಕೂ ಎಳೆಯುತ್ತದೆಯೇ ಎಂದು ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಇಳಿಯುವಾಗ ಲೋ ಗಿಯರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿಯಬೇಕು. ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ) ಇದ್ದರೆ ಕೊನೆಯ ಕೆಲವು ಸುತ್ತು ಬಿಟ್ಟು ಉಳಿದ ಹಗ್ಗ ಬಿಚ್ಚಿ, ಮರಕ್ಕೆ ಕಟ್ಟಿ ಗಾಡಿಯನ್ನೇ ಎಳೆಸಿ. ಭಾರವಿಲ್ಲದೆ ಚೆನ್ನಾಗಿ ಸುತ್ತುವ ವಿಂಚ್ ಭಾರ ಬಿದ್ದಾಗ ಕೈಕೊಡುವುದು ಹೊಸದಲ್ಲ.

ಹಳೆಯ ಗಾಡಿಯ ಕಾಗದಗಳ ವಿಷಯದಲ್ಲಿ ಕಾರು ಕೊಂಡ ಅನುಭವ ಉಪಯೋಗಕ್ಕೆ ಬಾರದು. ಆರ್‌ಸಿ ಪುಸ್ತಕವೇ ಇಲ್ಲದ ವಾಹನಕ್ಕೆ ಮಾಲೀಕತ್ವದ ಸಾಕ್ಷಿ ಎಂದರೆ ಮೂಲ ಬಿಲ್ಲು, ಆಮದಾಗಿದ್ದರೆ ಸುಂಕ ಕಟ್ಟಿದ ದಾಖಲೆ. ಬಿಲ್ಲಿನ ಚಾಸಿ ಸಂಖ್ಯೆ ಗಾಡಿಯ ಮೇಲಿನ ಸಂಖ್ಯೆಗೆ ಅಕ್ಷರ ಬಿಡದೆ ಹೊಂದಬೇಕು. ‘ಹೊರದೇಶದಿಂದ ಹಳೆಯದನ್ನೇ ತರಿಸಿದ್ದು’ ಎಂದವರನ್ನು ಎರಡು ಸಲ ಪ್ರಶ್ನಿಸಿ. ಬಳಸಿದ ವಾಹನಗಳ ಆಮದಿಗೆ ಕಟ್ಟುನಿಟ್ಟಿನ ನಿಬಂಧನೆಗಳಿವೆ, ಸುಂಕವೂ ಭಾರಿ. ಬಿಲ್ಲಿಲ್ಲದ ಗಾಡಿ ಕಳವಿನದ್ದಾದರೆ ದುಡ್ಡೂ ಹೋಯಿತು, ಠಾಣೆಗೆ ಅಲೆಯುವ ಕೆಲಸವೂ ಬಂತು.

ಹಳೆಯ ಗಾಡಿಗೆ ಈಗ ಇನ್ನೊಂದು ತೊಡಕು ಸೇರಿದೆ, ಪೆಟ್ರೋಲ್. ಹಲವು ಎಟಿವಿಗಳ ಕೈಪಿಡಿಯಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಎಥೆನಾಲ್ ಬೇಡ ಎಂದಿದೆ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇಕಡಾ 20ರ ಮಿಶ್ರಣ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗೆ ಮಾಡುತ್ತದೆ. ಕಾರ್ಬ್ಯುರೇಟರ್ ಕಾಲದ ಗಾಡಿ ಕೊಂಡರೆ ಪೆಟ್ರೋಲ್ ಕೊಳವೆ, ಸೀಲುಗಳನ್ನು ಮೊದಲ ವಾರವೇ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಬರಿದು ಮಾಡಿ ನಿಲ್ಲಿಸಿ.

ಇಷ್ಟೆಲ್ಲ ನೋಡಿ ಒಪ್ಪಿಗೆಯಾದ ಗಾಡಿಗೂ ಬೆಲೆಯ ಮೇಲೆ ಕಾಲುಭಾಗ ಹಣವನ್ನು ಕೈಯಲ್ಲಿ ಉಳಿಸಿಕೊಂಡಿರಬೇಕು. ಬ್ಯಾಟರಿ, ಬೆಲ್ಟು, ಗಾಲಿ, ಬೇರಿಂಗ್ ಎಂದು ಅದು ಮೊದಲ ವರ್ಷದಲ್ಲೇ ಕರಗುತ್ತದೆ.

ಸಣ್ಣ ಅಗ್ಗದ ಗಾಡಿಗಳು

110, 125 ಸಿ.ಸಿ.ಯ ಚೀನಾ ಮೂಲದ ಗಾಡಿಗಳು ಬೈಕಿನ ಬೆಲೆಗೆ ಸಿಗುತ್ತವೆ. ಎಂಜಿನ್ ಬೈಕಿನ ಬಗೆಯದು, ಊರಿನ ಮೆಕ್ಯಾನಿಕ್ ಬಿಚ್ಚಬಲ್ಲರು, ಅದೊಂದು ಗುಣ ಒಪ್ಪಿಕೊಳ್ಳೋಣ. ಆದರೆ ಎಳೆಯುವುದು ಹಿಂದಿನ ಎರಡೇ ಗಾಲಿ, ಅದೂ ಚೈನಿನಿಂದ, ಡಿಫರೆನ್ಷಿಯಲ್ ಇಲ್ಲದ ಇಡೀ ಆಕ್ಸೆಲ್ ಮೇಲೆ. ಹಸಿ ಜಂಬಿಟ್ಟಿಗೆಯ ತಿರುವಿನಲ್ಲಿ ಇಂತಹ ಗಾಡಿ ತಿರುಗದೆ ನೇರ ನುಗ್ಗುತ್ತದೆ. ತೋಟದ ಕೆಲಸಕ್ಕೆ ಬೇಡ.

ಅದೇ ಹಣಕ್ಕೆ ಬೇರೆ ಏನು ಬರುತ್ತದೆ

ಎಂಟು ಲಕ್ಷ ಕೈಯಲ್ಲಿಟ್ಟುಕೊಂಡು ಎಟಿವಿ ಎನ್ನುವವರಿಗೆ ನಾನು ಮೊದಲು ಕೇಳುವುದು ಟಿಲ್ಲರ್ ನೋಡಿದ್ದೀರಾ ಎಂದು. ಟ್ರೈಲರ್ ಕಟ್ಟಿದ ಪವರ್ ಟಿಲ್ಲರ್ ಎಟಿವಿಗಿಂತ ಹೆಚ್ಚು ಭಾರ ಹೊರುತ್ತದೆ, ಗದ್ದೆ ಇದ್ದರೆ ಉಳುತ್ತದೆ, ಡೀಸೆಲ್‌ನಲ್ಲಿ ಓಡುತ್ತದೆ. ಕೃಷಿ ಯಾಂತ್ರೀಕರಣ ಯೋಜನೆಯ ಸಹಾಯಧನವೂ ಸಿಗುತ್ತದೆ. ಅದರ ಬಿಡಿಭಾಗ ಶಿರಸಿ, ಕುಮಟಾ, ಹೊನ್ನಾವರ ಎಲ್ಲ ಕಡೆಯೂ ಉಂಟು. ಸೊಂಟದ ಮೇಲೆ ಬೀಳುವ ಪೆಟ್ಟು, ಇಳಿಜಾರಿನಲ್ಲಿ ಸ್ಟೀರಿಂಗ್ ಹಿಡಿ ಉಲ್ಟಾ ಎಳೆಯುವ ಗುಣ ಅದರ ಕಷ್ಟ. ಅರವತ್ತು ದಾಟಿದವರು ಒಬ್ಬರೇ ಮನೆಯಲ್ಲಿದ್ದರೆ ಟಿಲ್ಲರ್ ಬೇಡವೆಂದೇ ಹೇಳುತ್ತೇನೆ. ಎಟಿವಿ ನಿಜಕ್ಕೂ ಬೆಲೆ ಬಾಳುವುದು ಇಂತಹ ಮನೆಗೇ. ಮಕ್ಕಳು ಬೆಂಗಳೂರಿನಲ್ಲಿ, ಆಳು ಸಿಗುವುದು ವಾರಕ್ಕೊಮ್ಮೆ, ದಿನಕ್ಕೆರಡು ಸಲ ತೋಟಕ್ಕಿಳಿದು ಹತ್ತಬೇಕು, ಮಂಡಿ ನೋವು. ಭಾರ ಹೊರಲಿ ಬಿಡಲಿ, ಮನುಷ್ಯನನ್ನು ಕೂರಿಸಿಕೊಂಡು ಹೋಗಿ ಬರುತ್ತದೆ.

ಮಿನಿ ಟ್ರ್ಯಾಕ್ಟರ್‌ಗೂ ಸಹಾಯಧನವಿದೆ, ನೋಂದಣಿಯಿದೆ. ದಾರಿ ನಾಲ್ಕೂವರೆ-ಐದು ಅಡಿ ಅಗಲವಿದ್ದು ತಿರುವು ಬಿಗಿಯಾಗಿಲ್ಲದಿದ್ದರೆ ಅದೇ ಸಾಕು. ಹಳೆಯ ಜೀಪಿನದ್ದು ಬೇರೆ ಲೆಕ್ಕ. ಮಹೀಂದ್ರದ ಎಂಎಂ 540, ಮೇಜರ್, 2010ರ ನಂತರದ ಥಾರ್, 2019ರವರೆಗೆ ತಯಾರಾದ ಮಾರುತಿ ಜಿಪ್ಸಿ, ಇವು ಮಳೆಗಾಲದ ರಾತ್ರಿ ಆಸ್ಪತ್ರೆಗೂ ಒಯ್ಯುತ್ತವೆ, ಅಡಿಕೆ ಮೂಟೆ ಹೇರಿಕೊಂಡು ಶಿರಸಿಯ ವಖಾರಿಗೂ ಹೋಗುತ್ತವೆ. ಎಟಿವಿ ಇವೆರಡನ್ನೂ ಮಾಡುವುದಿಲ್ಲ. ಮನೆಗೆ ಬರುವ ದಾರಿಯೇ ಮಳೆಗಾಲದಲ್ಲಿ ಕಡಿದುಹೋಗುವ ಊರಿನಲ್ಲಿ, ಅಂದರೆ ಜೋಯಿಡಾ ಮತ್ತು ಯಲ್ಲಾಪುರದ ಒಳಹಳ್ಳಿಗಳಲ್ಲಿ, ನನ್ನ ಮತ ನಿಸ್ಸಂದೇಹವಾಗಿ ಜೀಪಿಗೆ. ಹದಿನೈದು ವರ್ಷ ಮೀರಿದ ಜೀಪಿಗೆ ಫಿಟ್ನೆಸ್ ಮಾಡಿಸಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಗೋವಾದಿಂದ ತಂದರೆ ನಿರಾಕ್ಷೇಪಣಾ ಪತ್ರ, ಕರ್ನಾಟಕದ ತೆರಿಗೆ ಎರಡೂ ಸೇರುತ್ತವೆ, ಆ ಮೊತ್ತ ತಿಳಿದುಕೊಂಡೇ ಚೌಕಾಸಿಗೆ ಕೂರಿ.

ಎಟಿವಿಯೇ ಎಂದು ನಿರ್ಧರಿಸಿದ ಮೇಲೆ

ಉರುಳಿ ಬೀಳುವುದು ಇದರ ದೊಡ್ಡ ಅಪಾಯ. ಮೂರು ಕ್ವಿಂಟಲ್ ತೂಗುವ ಗಾಡಿ ಮೇಲೆ ಬಿದ್ದರೆ ಎತ್ತಲು ಆ ಹೊತ್ತಿಗೆ ಅಕ್ಕಪಕ್ಕದಲ್ಲಿ ಯಾರೂ ಇರುವುದಿಲ್ಲ. ಇಳಿಜಾರನ್ನು ಅಡ್ಡಡ್ಡ ದಾಟಬೇಡಿ, ನೇರ ಹತ್ತಿ ನೇರ ಇಳಿಯಿರಿ. ಒಬ್ಬರ ಸೀಟಿನ ಗಾಡಿಯಲ್ಲಿ ಒಬ್ಬರೇ. ಹಿಂದೆ ಕ್ಯಾರಿಯರ್ ಮೇಲೆ ಮೊಮ್ಮಗನನ್ನು ಕೂರಿಸಿಕೊಂಡು ಹೋಗುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅರ್ಧ ತುಂಬಿದ ಪೀಪಾಯಿ ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದು, ಒಳಗಿನ ನೀರು ತಿರುವಿನಲ್ಲಿ ಒಂದೇ ಬದಿಗೆ ನುಗ್ಗುತ್ತದೆ. ಹಾವಸೆ ಹಿಡಿದ ಕಲ್ಲು, ಅಡಿಕೆ ಮರದ ಸಂಕ (ಕಾಲುಸೇತುವೆ) ಎರಡರ ಮೇಲೂ ಗಾಡಿ ಹತ್ತಿಸಬೇಡಿ. ಹಳ್ಳಕ್ಕೆ ಕಾಂಕ್ರೀಟ್ ಮೋರಿ ಹಾಕಿಸುವ ಖರ್ಚನ್ನೂ ಗಾಡಿಯ ಬೆಲೆಗೇ ಸೇರಿಸಿ ಲೆಕ್ಕ ಹಾಕಿ.

ಗಾಲಿಯ ಗಾಳಿ ನೋಡಲು ಕಡಿಮೆ ಒತ್ತಡದ ಗೇಜ್ ಬೇರೆಯೇ ಬೇಕು, ಪೆಟ್ರೋಲ್ ಬಂಕಿನದು ಐದು ಪಿಎಸ್‌ಐಯನ್ನು ಸರಿಯಾಗಿ ತೋರಿಸುವುದಿಲ್ಲ. ಬೋರ್ಡೋ ಕೆಲಸ ಮುಗಿದ ದಿನವೇ ಕ್ಯಾರಿಯರ್, ಬೋಲ್ಟುಗಳನ್ನು ಸಿಹಿನೀರಿನಲ್ಲಿ ತೊಳೆಯಿರಿ. ರೇಡಿಯೇಟರ್ ಜಾಲಿಗೆ ಮೆತ್ತಿದ ಕೆಂಪು ಮಣ್ಣನ್ನು ಪ್ರೆಷರ್ ಪಂಪಿನಿಂದ ಹೊಡೆದರೆ ರೆಕ್ಕೆಗಳು ಮಡಚುತ್ತವೆ, ನೀರು ಹರಿಸಿ ಮೆತ್ತಗೆ ಬ್ರಷ್ ಆಡಿಸಿ. ಕೊಟ್ಟಿಗೆಯಲ್ಲಿ ನಿಲ್ಲಿಸುವವರು ವಾರಕ್ಕೊಮ್ಮೆ ಸೀಟು ಎತ್ತಿ ನೋಡಬೇಕು. ಮಳೆಗಾಲದಲ್ಲಿ ಬೆಚ್ಚನೆಯ ಎಂಜಿನ್ ಪಕ್ಕ ಇಲಿ ಗೂಡು ಕಟ್ಟುತ್ತದೆ, ವೈರು ಕಡಿಯುತ್ತದೆ. ಕರೆಂಟು ಹೋಗಿ ಬರುವ ಊರಿನಲ್ಲಿ ಬ್ಯಾಟರಿ ಚಾರ್ಜರ್ ಇನ್ವರ್ಟರ್‌ಗೆ ಹೊಂದುತ್ತದೆಯೇ ಎಂದೂ ಕೇಳಿಕೊಳ್ಳಿ.

ಕೊಳ್ಳಲು ಒಳ್ಳೆಯ ಕಾಲ ಜೂನ್ ಎರಡನೆಯ ವಾರ. ಮಳೆ ಶುರುವಾಗಿರುತ್ತದೆ, ದಾರಿ ಇನ್ನೂ ಪೂರ್ತಿ ಹಾಳಾಗಿರುವುದಿಲ್ಲ, ಮಾರುವವರ ತೋಟದ ಒದ್ದೆ ಏರಿನಲ್ಲೇ ಗಾಡಿ ಹತ್ತಿಸಿ ನೋಡಬಹುದು. ಬೇಸಿಗೆಯಲ್ಲಿ ಎಲ್ಲ ಎಟಿವಿಗಳೂ ಚೆನ್ನಾಗಿಯೇ ಓಡುತ್ತವೆ. ಹಣ ಕೊಡುವ ದಿನ ಎರಡೂ ಕೀಲಿ, ಮೂಲ ಬಿಲ್ಲು, ಕೈಪಿಡಿ, ಹಳೆಯ ಬೆಲ್ಟು ಇದ್ದರೆ ಅದನ್ನೂ ಕೇಳಿ ತೆಗೆದುಕೊಳ್ಳಿ. ಮಾರಾಟದ ಪತ್ರವನ್ನು ಛಾಪಾ ಕಾಗದದ ಮೇಲೆ ಚಾಸಿ, ಎಂಜಿನ್ ಸಂಖ್ಯೆ ಸಹಿತ ಬರೆಸಿ, ಇಬ್ಬರ ಸಾಕ್ಷಿ ಹಾಕಿಸಿ.